ಬೇಲಿಯಿಂದ ನೂರಡಿ

ಕಾಪರ್ ಗಲ್ಚ್ ಅಗ್ನಿಶಾಮಕ ದಳ
ಕಾಪರ್ ಗಲ್ಚ್, ಕ್ಯಾಲಿಫೋರ್ನಿಯಾ
ಏಪ್ರಿಲ್ 14

ಶ್ರೀಮತಿ ನದೀನ್ ಓಸ್ಟ್ರಾಂಡರ್ ಅವರಿಗೆ,

ಕ್ವೇಲ್ ಓಣಿಯಲ್ಲಿರುವ ತಮ್ಮ ಖಾಲಿ ನಿವೇಶನದಲ್ಲಿ ಹುಲ್ಲು, ಬ್ರೂಮ್ ಪೊದೆ ಹಾಗೂ ಇತರ ಕಳೆಗಳು ಮಿತಿಮೀರಿ ಬೆಳೆದಿರುವುದು ರಸ್ತೆಯಿಂದ ನಡೆಸಿದ ತಪಾಸಣೆಯಲ್ಲಿ ಕಂಡುಬಂದಿದೆ. ಊರಿನ ಕಳೆ ನಿಯಮದಂತೆ ಹುಲ್ಲು ನಾಲ್ಕು ಅಂಗುಲಕ್ಕಿಂತ ಎತ್ತರ ಇರಕೂಡದು. ಪಕ್ಕದ ಮನೆಯ ಬೇಲಿಯಿಂದ ನೂರಡಿಯೊಳಗೆ ಪೊದೆ ಇರಕೂಡದು. ಜೂನ್ 15ರೊಳಗೆ ತೆರವುಗೊಳಿಸದಿದ್ದಲ್ಲಿ ದಳವೇ ಗುತ್ತಿಗೆದಾರರನ್ನು ಕಳಿಸಿ ತೆರವುಗೊಳಿಸಿ, ಖರ್ಚನ್ನು ತಮ್ಮ ಆಸ್ತಿ ತೆರಿಗೆಗೆ ಸೇರಿಸುವುದು.

ತಮ್ಮ ವಿಶ್ವಾಸಿ,
ರೊಬರ್ಟಾ ಟ್ರೆವೆಥನ್
ಕಳೆ ತಪಾಸಣಾಧಿಕಾರಿ

ನದೀನ್, ಮೇಲಿನದು ಎಲ್ಲರಿಗೂ ಹೋಗುವ ಅಚ್ಚಿನ ಒಕ್ಕಣೆ. ಇದು ನನ್ನ ಕೈಬರಹ. ಶಾಲಾ ಬಸ್ಸಿನ ಕೆಲಸದಿಂದ ನಿವೃತ್ತಳಾದ ಮೇಲೆ ಈ ಕೆಲಸ ಹಿಡಿದೆ. ‘ಪಕ್ಕದ ಮನೆ’ ಅಂದರೆ ನನ್ನದೇ ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಿನ್ನ ಬ್ರೂಮ್ ಈಗ ನನ್ನ ತಲೆಗಿಂತ ಎತ್ತರ, ಮೈತುಂಬ ಹಳದಿ ಹೂವು. ನೆಲ ಇನ್ನೂ ಹಸಿ ಇದೆ, ಬೇರುಸಹಿತ ಬರುತ್ತದೆ. ಮೇ ದಾಟಿದರೆ ಬರುವುದಿಲ್ಲ. ಯಾರಿಗಾದರೂ ಹೇಳಿ ಕೀಳಿಸು.
ರೊಬರ್ಟಾ


ಯುರೇಕಾ
ಏಪ್ರಿಲ್ 29

ಇನ್ಸ್‌ಪೆಕ್ಟರ್ ಮೇಡಂ ಅವರಿಗೆ,

ನಿಮ್ಮ ನೋಟಿಸು ತಲುಪಿತು. ಹೊಸ ಕೆಲಸಕ್ಕೆ ಅಭಿನಂದನೆ. ಯಾರ ಹಿತ್ತಲಲ್ಲಿ ಎಷ್ಟು ಹುಲ್ಲು ಬೆಳೆದಿದೆ ಎಂದು ನೋಡಿ ಹೇಳುವ ಈ ಕೆಲಸವನ್ನು ನೀವು ಜೀವನವಿಡೀ ಸಂಬಳವಿಲ್ಲದೆ ಮಾಡಿದವರು. ಈಗಲಾದರೂ ಸಂಬಳ ಕೊಡುತ್ತಿದ್ದಾರಲ್ಲ, ಸಂತೋಷ.

ಐದು ವರ್ಷದ ಹಿಂದೆ ನನ್ನ ಮನೆ ಸುಟ್ಟ ಮರುದಿನ, ಬೂದಿ ಇನ್ನೂ ಬಿಸಿ ಇದ್ದಾಗ, ಬೇಲಿಯ ಆಚೆ ನಿಂತು ನೀವು ಹೇಳಿದ ಮಾತು ನೆನಪಿದೆಯೆ? ನಿಮ್ಮ ಮನೆಗೆ ಒಂದು ಕಿಟಕಿ ಗಾಜೂ ಒಡೆದಿರಲಿಲ್ಲ. “ಎಷ್ಟ್ ಸಲ ಬಡ್ಕೊಂಡೆ ನದೀನ್, ಆ ಪೊದೆ ಕಡ್ಸೇ ಕಡ್ಸೇ ಅಂತ!” ಅಂದಿರಿ. ನಾನು ಒಂದು ಚಮಚ ಹುಡುಕುತ್ತಿದ್ದೆ, ಒಂದಾದರೂ ಚಮಚ ಉಳಿದಿರಬಹುದು ಅಂತ. ನೀವು ಹೇಳಿದ್ದು ಸುಳ್ಳಾಗಿದ್ದರೆ ಎಂದೋ ಮರೆತುಬಿಡುತ್ತಿದ್ದೆ. ನಿಜವಾದ್ದರಿಂದಲೇ ಗಂಟಲಲ್ಲಿ ಉಳಿದುಬಿಟ್ಟಿತು.

ಹೂವು ಬಿಟ್ಟಿದ್ದರೆ ಬಿಡಲಿ. ನನ್ನ ನೆಲದೊಳಗೆ ಯಾರೂ ಕಾಲಿಡಬೇಡಿ. ಬೇಲಿಯಾಚೆ ನಿಂತು ನೋಡುವುದಕ್ಕೆ ನಿಮಗೆ ಅಭ್ಯಾಸವಿದೆ.

ನದೀನ್ ಓಸ್ಟ್ರಾಂಡರ್


ಕಾಪರ್ ಗಲ್ಚ್
ಮೇ 8

ನದೀನ್,

ಬೈದಿದ್ದೀ, ಓದಿದೆ. ಮೂರು ಸಲ ಉತ್ತರ ಬರೆದು ಹರಿದೆ. ಇದು ನಾಲ್ಕನೆಯದು, ಇದರಲ್ಲಿ ಕಳೆಯ ವಿಷಯ ಮಾತ್ರ ಇದೆ.

ಈ ಸಲ ಮಳೆಗಾಲ ತಡವಾಗಿ ಮುಗಿಯಿತು. ಹುಲ್ಲು ಸೊಂಟದವರೆಗೆ ಬಂದು ಈಗಾಗಲೇ ತುದಿ ಬಿಳುಚಿದೆ. ಓಣಿಯ ಕೊನೆಯ ಎರಡು ಮನೆಗಳಿಗೆ ವಿಮೆ ಕಂಪನಿಯವರು ವಿಮೆ ರದ್ದು ಮಾಡಿದ್ದಾರೆ. ನನ್ನ ಮನೆಯ ಚಿತ್ರವನ್ನು ಮೇಲಿನಿಂದ ತೆಗೆದುಕೊಂಡು ಹೋಗಿದ್ದಾರೆ, ಇನ್ನೂ ಏನೂ ಹೇಳಿಲ್ಲ. ಉತ್ತರದ ಒಣ ಗಾಳಿ ಬೀಸಿತೆಂದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಪಾತ್ರೆ ಅರ್ಧ ತೊಳೆದು ಹೊರಗೆ ಬರುತ್ತೇನೆ, ಮೂಸುತ್ತೇನೆ, ಒಳಗೆ ಹೋಗುತ್ತೇನೆ, ಮತ್ತೆ ಬರುತ್ತೇನೆ. ಒಬ್ಬಳು ಹುಚ್ಚಿ ಅಂತ ಅಂಚೆಯವನು ತಿಳಿದಿರಬೇಕು.

ಯೂಸೆಬಿಯೊ ಎಂಬ ಪೆರು ದೇಶದವನು ಆಡು ಮೇಯಿಸುತ್ತಾನೆ. ದಳದವರೇ ಕರೆಸಿದ್ದಾರೆ. ನಿನ್ನ ಜಾಗಕ್ಕೂ ಬಿಡಿಸುತ್ತೇನೆ, ನಿನಗೇನೂ ಖರ್ಚಿಲ್ಲ. ಆಡು ಬ್ರೂಮ್ ತೊಗಟೆಯನ್ನೂ ಬಿಡುವುದಿಲ್ಲ. ಹೂಂ ಅಂದರೆ ಸಾಕು.

ಗೇಟಿಗೆ ಹೊಸ ಬೀಗ ನೋಡಿದೆ. ಮಣ್ಣಿನಲ್ಲಿ ಚಕ್ರದ ಗುರುತೂ ಇತ್ತು. ನೀನು ಬಂದು ಹೋದೆಯಾ? ಬಂದೂ ನನ್ನ ಬಾಗಿಲು ತಟ್ಟದೆ ಹೋದೆಯಾ?

ರೊಬರ್ಟಾ


ಯುರೇಕಾ
ಮೇ 20

ರೊಬರ್ಟಾ,

ಆಡು ಬೇಡ. ಯೂಸೆಬಿಯೊನೂ ಬೇಡ. ದಂಡ ಹಾಕುವುದಿದ್ದರೆ ಹಾಕು, ಕಟ್ಟುತ್ತೇನೆ. ಒಳಗೆ ಮಾತ್ರ ಯಾರನ್ನೂ ಕಳಿಸಬೇಡ.

ನಾನು ಬಂದಿರಲಿಲ್ಲ.

ಒಂದು ಕೇಳುತ್ತೇನೆ, ಯಾಕೆ ಅಂತ ಕೇಳಬೇಡ. ಅಲ್ಲಿ ಈಗ ಹಗಲು ಸೆಕೆ ಎಷ್ಟಿದೆ? ನಮ್ಮ ಬಾವಿಯ ಪಂಪು ಓಡುವ ಸದ್ದು ನಿನ್ನ ಕಡೆಗೆ ಕೇಳಿಸುತ್ತದೆಯೆ?

ನದೀನ್


ಕಾಪರ್ ಗಲ್ಚ್
ಜೂನ್ 3

ನದೀನ್,

ಪಂಪು ಓಡುತ್ತದೆ. ಓಡಿಸುವವನು ಯಾರೆಂದೂ ಗೊತ್ತಾಯಿತು.

ನಾನು ಒಳಗೆ ಕಾಲಿಡಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಬೇಲಿಯ ನನ್ನ ಕಡೆ ಹುಲ್ಲು ಕೆರೆಯುತ್ತಿದ್ದೆ. ಪೊದೆಯ ಹಿಂದಿನಿಂದ ಹುರಿದ ಈರುಳ್ಳಿ ವಾಸನೆ ಬಂತು. ಬೆಂಕಿ! ನನ್ನ ತಲೆಗೆ ಬೇರೇನೂ ಹೊಳೆಯುವುದಿಲ್ಲ ಈಗೀಗ. “ಯಾರ್ರೀ ಅದು ಒಲೆ ಹಚ್ಚಿರೋದು? ಆರ್ಸ್ರೀ!” ಅಂತ ಕೂಗಿದೆ. ಕೊಂಬೆ ಸರಿಸಿಕೊಂಡು ನಿನ್ನ ಮಗ ಬಂದ. ಗಡ್ಡ ಎದೆಗೆ ಇಳಿದಿದೆ. ಕೈಯಲ್ಲಿ ಬಾಣಲೆ.

“ಗ್ಯಾಸ್ ಒಲೆ, ಮಿಸೆಸ್ ಟಿ. ಟ್ರೇಲರ್ ಒಳಗೇ ಇದೆ. ಕಿಡಿ ಹಾರಲ್ಲ,” ಅಂದ.

ಬಸ್ಸಿನ ಹುಡುಗರೆಲ್ಲ ನನ್ನನ್ನು ಹಾಗೇ ಕರೆಯುತ್ತಿದ್ದರಲ್ಲ, ಮಿಸೆಸ್ ಟಿ ಅಂತ.

“ಕೋಲ್ಬಿ! ಯಾವಾಗ್ ಬಂದ್ಯೋ?”

“ಚಳಿಗಾಲ್ದಲ್ಲಿ. ನೀವು ನನ್ನ ನೋಡ್ಲೇ ಇಲ್ಲ ಅಂದ್ಕೊಂಡ್ಬಿಡಿ.”

“ಆರಡಿ ಆಳು ಬಾಣ್ಲೆ ಹಿಡ್ಕೊಂಡ್ ಮುಂದೆ ನಿಂತಿದ್ರೆ ಹೆಂಗೋ ನೋಡ್ದೆ ಇರ್ಲಿ?”

ನಕ್ಕ. ನಗುವಾಗ ಸೊಂಟಕ್ಕೆ ಕೈ ಕೊಟ್ಟ. ಮರ ಸವರುವ ಕೆಲಸದಲ್ಲಿ ಮೇಲಿಂದ ಬಿದ್ದದ್ದು, ಕೆಲಸ ಹೋದದ್ದು, ಬಾಡಿಗೆ ಮನೆ ಬಿಡಿಸಿದ್ದು, ಎಲ್ಲ ಅವನೇ ಹೇಳಿದ. ನಿನಗೆ ಗೊತ್ತಿರುವುದೇ. ಗೊತ್ತಿದ್ದೇ ನೀನು ಆಡು ಬೇಡವೆಂದೆ.

ಸುಟ್ಟ ಜಾಗದಲ್ಲಿ ಟ್ರೇಲರ್ ಮನೆ ಇಟ್ಟುಕೊಂಡು ವಾಸ ಮಾಡಲು ಕೌಂಟಿ ಆಡಳಿತದವರು ಕೊಟ್ಟಿದ್ದ ಅನುಮತಿ ಹೋದ ವರ್ಷವೇ ಮುಗಿಯಿತು. ಪೊದೆ ಕಡಿದರೆ ಅವನು ರಸ್ತೆಗೆ ಕಾಣುತ್ತಾನೆ. ಕಂಡರೆ ಟ್ರೇಲರ್ ಎಳೆದುಕೊಂಡು ಹೋಗುತ್ತಾರೆ. ಕಡಿಯದಿದ್ದರೆ ಒಂದು ಕಿಡಿಗೆ ಮೊದಲು ಸುಡುವುದು ಅವನೇ. ಆ ಪೊದೆಯ ನಡುವೆ ಒಂದೇ ಕಾಲುದಾರಿ ಇದೆ, ನದೀನ್. ನೀನು ಅದನ್ನು ನೋಡಿಲ್ಲ.

ನನ್ನ ಕೆಲಸ ಹುಲ್ಲು ಅಳೆಯುವುದು. ಮನುಷ್ಯರನ್ನು ಅಳೆಯಲು ನನಗೆ ಯಾರೂ ಹೇಳಿಲ್ಲ. ಕೌಂಟಿಗೆ ನಾನು ಬಾಯಿ ಬಿಡುವುದಿಲ್ಲ. ಆದರೆ ಪೊದೆ ಹೋಗಲೇಬೇಕು.

ರೊಬರ್ಟಾ


ಯುರೇಕಾ
ಜೂನ್ 9

ರೊಬರ್ಟಾ,

ನಿನ್ನ ಕಾಗದ ಬಂದಾಗ ತಂಗಿ ಎದುರಿಗಿದ್ದಳು. ಬಚ್ಚಲಿಗೆ ಹೋಗಿ ಓದಿದೆ. ತಂಗಿಗೆ ಇದೇನೂ ಗೊತ್ತಿಲ್ಲ. ಇಲ್ಲಿ ಎರಡೇ ಕೋಣೆ, ಅವಳ ಗಂಡ ಮೊದಲೇ ನನ್ನ ಚಹಾದ ಲೋಟವನ್ನೂ ಗಮನಿಸುವ ಪೈಕಿ. ಆದರೂ ಕೋಲ್ಬಿಯನ್ನು ಒಂದು ವಾರ ಕರೆಸಿಕೊಂಡಿದ್ದೆ. ಸಮುದ್ರದ ಮಂಜು ನೋಡಿ “ಇದ್ರೊಳಗೆ ಉಸ್ರು ಕಟ್ಟತ್ತಮ್ಮಾ. ನಮ್ಮನೆ ಹತ್ರ ಹೋಗ್ತೀನಿ,” ಅಂದ. ಅಲ್ಲಿ ಮನೆ ಎಲ್ಲಿದೆಯೋ ಅಂದರೆ, “ಜಾಗ ಇದೆಯಲ್ಲ,” ಅಂದ. ಬೀಗ ನಾನೇ ಕೊಡಿಸಿದ್ದು.

ನಿನಗೆ ಗೊತ್ತಾದರೆ ನಿಯಮ ಹಿಡಿದು ನಡೆಯುತ್ತೀ ಅಂತ ಹೆದರಿದ್ದೆ. ನಡೆಯಲಿಲ್ಲವಲ್ಲ, ಇನ್ನೂ ಹೆದರಿಕೆಯಾಗುತ್ತಿದೆ. ಯಾಕೋ ಗೊತ್ತಿಲ್ಲ.

ಆ ಒಂದೇ ಕಾಲುದಾರಿ ಅಂದೆಯಲ್ಲ, ಅದನ್ನು ಓದಿದ ಮೇಲೆ ಊಟ ಸೇರುತ್ತಿಲ್ಲ. ಅವನೇ ಕಡಿಯಲಿ. ನಾನು ಹೇಳಿದರೆ ಕೇಳುವುದಿಲ್ಲ, ಸೊಂಟ ನೋವೆಂದು ನನ್ನಿಂದ ಮುಚ್ಚಿಡುತ್ತಾನೆ. ನೀನು ಹೇಳು. ನಿನ್ನ ಬಸ್ಸಿನಲ್ಲಿ ಅವನು ಒಂದು ದಿನವೂ ಗಲಾಟೆ ಮಾಡಿದವನಲ್ಲ. ಆದರೆ 15ಕ್ಕೆ ಆಗುವುದಿಲ್ಲ. ಸ್ವಲ್ಪ ದಿನ ತಳ್ಳು.

ಅವನು ಸೊರಗಿದ್ದಾನಾ? ನಿಜ ಹೇಳು. ಮುಖದಲ್ಲಾ, ಮೈಯಲ್ಲೂನಾ?

ನದೀನ್


ಕಾಪರ್ ಗಲ್ಚ್
ಜೂನ್ 21

ನದೀನ್,

ಮೈಯಲ್ಲಿ ಸೊರಗಿದ್ದಾನೆ. ಮುಖ ಗಡ್ಡದೊಳಗಿದೆ, ಕಾಣುವುದಿಲ್ಲ.

15ನ್ನು 26ಕ್ಕೆ ತಳ್ಳಿಸಿದೆ. ಅದಕ್ಕಿಂತ ಮುಂದೆ ತಳ್ಳಲು ದಳದ ಚೀಫ್ ಬಾರ್ಲೋ ಒಪ್ಪಲಿಲ್ಲ. “ನಿಮ್ಮ ಮನೆ ಪಕ್ಕದ್ದೇ ಅಲ್ವೇನ್ರೀ ಆ ಜಾಗ? ಊರಿಗೆಲ್ಲ ನೋಟಿಸ್ ಕೊಟ್ಟು ನಿಮ್ಮ ಸ್ನೇಹಿತೆಗೆ ವಿನಾಯ್ತಿ ಕೊಟ್ರೆ ಜನ ಏನಂತಾರೆ?” ಅಂತ ಕೇಳಿದರು. ಸರಿಯಾಗಿಯೇ ಕೇಳಿದರು. 26ರ ಬೆಳಿಗ್ಗೆ ಗುತ್ತಿಗೆಯವರು ಬರುತ್ತಾರೆ. ಅಷ್ಟರೊಳಗೆ ಬೇಲಿಯಿಂದ ನೂರಡಿ ಬರಿದಾಗಿದ್ದರೆ ಅವರು ಲಾರಿಯಿಂದ ಇಳಿಯದೆ ಹೋಗುತ್ತಾರೆ. ಟ್ರೇಲರ್ ನೂರಡಿಯ ಆಚೆಗಿದೆ, ಅದರ ಮುಂದಿನ ಒಂದು ಸಾಲು ಪೊದೆ ಹಾಗೇ ಉಳಿಯುತ್ತದೆ. ಅದು ನಾನೂ ಕೋಲ್ಬಿಯೂ ಸೇರಿ ಮಾಡಿದ ಲೆಕ್ಕಾಚಾರ.

ನೆಲ ಗಟ್ಟಿಯಾಗಿಬಿಟ್ಟಿದೆ, ಬೇರು ಬರುವುದಿಲ್ಲ. ಬುಡದಲ್ಲಿ ಕಡಿಯುತ್ತಾನೆ, ನಾನು ಎಳೆದು ಒಟ್ಟುತ್ತೇನೆ. ಆಮೇಲೆ ಉಳಿದ ಹುಲ್ಲನ್ನು ಮಷೀನಿನಿಂದ ಕೊಚ್ಚಬೇಕು. ಬೆಳಿಗ್ಗೆ ಹತ್ತರೊಳಗೆ ಮಾತ್ರ ಮಷೀನು ಅಂತ ಗೆರೆ ಹಾಕಿ ಹೇಳಿದ್ದೇನೆ. ಬಿಸಿಲೇರಿದ ಮೇಲೆ ಬ್ಲೇಡು ಕಲ್ಲಿಗೆ ತಾಗಿ ಒಂದು ಕಿಡಿ ಹಾರಿದರೆ ಅಷ್ಟೇ ಸಾಕು. ಅವನ ಸೊಂಟ ಬೆಳಿಗ್ಗೆ ಬೆಳಿಗ್ಗೆ ಬಗ್ಗುವುದಿಲ್ಲ. ಅದೇ ತಾಪತ್ರಯ.

ಮೊನ್ನೆ ಪ್ಯಾಸ್ಟಿ ಮಾಡಿ ಒಯ್ದೆ, ಹಿಟ್ಟಿನೊಳಗೆ ಮಾಂಸ ಆಲೂಗಡ್ಡೆ ತುಂಬಿ, ನಮ್ಮಜ್ಜಿ ಗಣಿಗೆ ಕಟ್ಟಿಕೊಡುತ್ತಿದ್ದ ಹಾಗೆ. ಮೂರು ತಿಂದ. “ಅಮ್ಮನ್ ಕೈಲಿ ಇದು ಯಾವತ್ತೂ ಸರಿಯಾಗ್ಲಿಲ್ಲ,” ಅಂದ. “ಹೇಳ್ತೀನಿ ನೋಡು ಅವ್ಳಿಗೆ,” ಅಂದೆ. ಹೇಳಿದ್ದೇನೆ.

ನನಗೆ ಎಷ್ಟೋ ಕಾಲದ ಮೇಲೆ ಬೇಲಿಯ ಕಡೆ ನಡೆಯುವಾಗ ಕಾಲು ಭಾರವಾಗಲಿಲ್ಲ. ಆದರೂ ಗಾಳಿಯನ್ನೇ ನೋಡುತ್ತಿದ್ದೇನೆ.

ರೊಬರ್ಟಾ


ಸ್ಯಾಕ್ರಮೆಂಟೊ, ಆಸ್ಪತ್ರೆಯ ಮೊಗಸಾಲೆ
ಜೂನ್ 26

ನದೀನ್,

ನಿನ್ನ ತಂಗಿಗೆ ಫೋನು ಮಾಡಿದೆ. ಆಸ್ಪತ್ರೆಯವರ ಕರೆ ಬಂದು ನೀನು ಆಗಲೇ ಬಸ್ಸು ಹತ್ತಿದ್ದೀಯೆಂದಳು. ಕೋಲ್ಬಿ ಬದುಕಿದ್ದಾನೆ. ಎರಡೂ ಕೈ ಮೊಣಕೈವರೆಗೆ ಸುಟ್ಟಿವೆ. ಮುಖಕ್ಕೆ ಏನೂ ಆಗಿಲ್ಲ, ಗಡ್ಡ ಮಾತ್ರ ಹೋಗಿದೆ. ಉಸಿರಾಟ ಚೆನ್ನಾಗಿದೆಯೆಂದು ಡಾಕ್ಟರು ಹೇಳಿದರು. ಈ ಕಾಗದವನ್ನು ನರ್ಸಿನ ಕೈಗೆ ಕೊಟ್ಟು ಹೋಗುತ್ತೇನೆ. ನೀನು ಬರುವಾಗ ನಾನು ಇಲ್ಲಿ ಇರಲಾರೆ. ಆದರೆ ಆದದ್ದನ್ನು ನನ್ನಿಂದಲೇ ತಿಳಿ.

ನಿನ್ನೆ ಕೆಲಸಕ್ಕೆ ಹೊರಟಿದ್ದೆ. ಗೇಟಿನ ಹತ್ತಿರ ವಾಹನ ನಿಲ್ಲಿಸಿದೆ. ಬೇಲಿಯ ಪಕ್ಕದ ಹುಲ್ಲೆಲ್ಲ ಮುಗಿದಿತ್ತು, ನಿನ್ನ ಹಳೆಯ ಅಡಿಪಾಯದ ಸುತ್ತ ಒಂದು ತುಂಡು ಉಳಿದಿತ್ತು. ಅವನು ಮಷೀನು ಕೆಳಗಿಟ್ಟು ಬೆವರು ಒರೆಸಿಕೊಳ್ಳುತ್ತಿದ್ದ.

“ನಾಳೆ ಬೆಳಿಗ್ಗೆನೇ ಬರ್ತಾರೆ ಕೋಲ್ಬಿ. ಏನಾದ್ರೂ ಮಾಡಿ ಇವತ್ತು ಮುಗ್ಸು.”

“ಹತ್ತು ಹೊಡೀತಲ್ಲ ಮಿಸೆಸ್ ಟಿ. ಮಷೀನ್ ಮುಟ್ಬೇಡ ಅಂತ ನೀವೇ ತಾನೆ ಹೇಳಿದ್ದು?”

“ಗಾಳಿ ಇಲ್ಲ ಇವತ್ತು. ಪಕ್ದಲ್ಲಿ ನೀರಿನ ಪೈಪ್ ಇಟ್ಕೊಂಡು ಹುಷಾರಾಗ್ ಮಾಡು.”

ಹಾಗೆಂದೆ, ನದೀನ್. ಊರಿನ ಪ್ರತಿ ಬಾಗಿಲಿಗೆ ಹೋಗಿ ಬೇಡ ಬೇಡ ಎಂದು ಹೇಳಿಬಂದದ್ದನ್ನೇ ಅವನೊಬ್ಬನಿಗೆ ಮಾಡು ಎಂದೆ. ಅವನು ಕಾಣಿಸಿಕೊಳ್ಳಬಾರದು ಅಂತ.

ಮಧ್ಯಾಹ್ನ ಹೊಗೆ ಕಂಡಿತು. ಎಲ್ಲಿಯದು ಅಂತ ಯಾರೂ ಹೇಳಬೇಕಾಗಿರಲಿಲ್ಲ. ಬ್ಲೇಡು ಅಡಿಪಾಯದಿಂದ ಮೇಲೆದ್ದಿದ್ದ ಕಬ್ಬಿಣಕ್ಕೆ ಹೊಡೆದಿತ್ತು. ಪೈಪು ಹಿಡಿದು ಒಂದು ಕಡೆ ಆರಿಸುವಷ್ಟರಲ್ಲಿ ಉರಿ ನಾವು ಒಟ್ಟಿದ್ದ ಬ್ರೂಮ್ ರಾಶಿಗೆ ಹತ್ತಿ, ಅಲ್ಲಿಂದ ಉಳಿಸಿದ್ದ ಸಾಲಿಗೆ ಹಾರಿ, ಟ್ರೇಲರ್ ಹಿಡಿಯಿತು. ಗ್ಯಾಸಿನ ಸಿಲಿಂಡರ್ ಇತ್ತಲ್ಲ, ಅದು ಸಿಡಿದರೆ ಓಣಿಯೇ ಹೋಗುತ್ತದೆಂದು ಅದನ್ನು ಬರಿಗೈಯಲ್ಲಿ ಕಿತ್ತು ಹೊರಗೆ ಎಳೆದಿದ್ದಾನೆ. ಕೈ ಸುಟ್ಟದ್ದು ಹಾಗೆ.

ದಳದವರು ಬಂದು ಸಂಜೆಗೆ ಆರಿಸಿದರು. ಯಾರ ಮನೆಯೂ ಹೋಗಲಿಲ್ಲ. ಅವನು ಬರಿದು ಮಾಡಿದ್ದ ನೂರಡಿಗೆ ಬಂದು ಬೆಂಕಿ ನಿಂತಿತು. ನನ್ನ ಮನೆ ಈ ಸಲವೂ ನಿಂತಿದೆ.

ಇದಕ್ಕಿಂತ ಹೆಚ್ಚು ಬರೆಯಲಾರೆ.

ರೊಬರ್ಟಾ


ಸ್ಯಾಕ್ರಮೆಂಟೊ
ಜುಲೈ 19

ರೊಬರ್ಟಾ,

ನಿನ್ನ ಕಾಗದವನ್ನು ಮೂರು ವಾರ ಚೀಲದಲ್ಲಿಟ್ಟುಕೊಂಡು ಓಡಾಡಿದೆ. ಮೊದಲ ವಾರ ನಿನ್ನನ್ನು ಕೊಂದುಬಿಡಬೇಕೆನಿಸಿತ್ತು. ಅವನ ಕೈಗೆ ಪಟ್ಟಿ ಬದಲಿಸುವಾಗ ಹೊರಗೆ ಕಳಿಸುತ್ತಾರೆ, ಆದರೆ ಬಾಗಿಲು ತೆಳು. ಪ್ರತಿ ಕೂಗಿಗೂ ನಿನ್ನ ಹೆಸರು ಹಿಡಿದು ಶಪಿಸಿದೆ.

ನಿನ್ನೆ ತನಿಖೆಯವನೊಬ್ಬ ಬಂದಿದ್ದ. ಬೆಂಕಿ ಹಚ್ಚಿದವರ ಮೇಲೆ ಆರಿಸಿದ ಖರ್ಚೆಲ್ಲ ಬೀಳುತ್ತದಂತೆ. ಕೋಲ್ಬಿ “ನಾನೇ ಮಾಡಿದ್ದು, ಬೇರೆ ಯಾರೂ ಹೇಳ್ಲಿಲ್ಲ,” ಅಂದ. ತನಿಖೆಯವನು ತಲೆ ಕೆರೆದುಕೊಂಡು, “ಕಳೆ ಇನ್ಸ್‌ಪೆಕ್ಟರ್ ಬೇರೆ ಥರ ಹೇಳಿದಾರಲ್ಲ. ‘ನಾನೇ ಮಾಡು ಅಂದೆ, ಹತ್ತು ಗಂಟೆ ಆದ್ಮೇಲೆ ಅಂತ ಗೊತ್ತಿದ್ದೇ ಅಂದೆ’ ಅಂತ ಬರೆದು ಸಹಿ ಹಾಕಿದಾರೆ,” ಅಂದ.

ಅವನು ಹೋದ ಮೇಲೆ ಕೋಲ್ಬಿ ಗೋಡೆಯ ಕಡೆ ತಿರುಗಿಕೊಂಡ. “ಅವ್ರ ಕೆಲ್ಸ ಹೋಗತ್ತಮ್ಮ,” ಅಂದ.

ಹೋಯಿತೇ?

ನದೀನ್


ಕಾಪರ್ ಗಲ್ಚ್
ಆಗಸ್ಟ್ 3

ನದೀನ್,

ಹೋಯಿತು. ಚೀಫ್ ಬಾರ್ಲೋ ಕೆಟ್ಟವರಲ್ಲ. ಬಾಗಿಲು ಹಾಕಿಕೊಂಡು, “ನಿಮ್ಮ ಹೇಳಿಕೇಲಿ ಆ ಒಂದ್ ಸಾಲು ತೆಗ್ದುಬಿಡಿ ರೊಬರ್ಟಾ. ಹುಡ್ಗ ತಾನೇ ಒಪ್ಕೊಂಡಿದ್ದಾನೆ. ನೀವ್ ಹಂಗ್ ಬರೆದ್ರೆ ದಳದ ಮೇಲೆ ಬರತ್ತೆ,” ಅಂದರು. “ಆಗಿದ್ದೇ ಹಂಗಲ್ವ,” ಅಂದೆ. ನನ್ನ ಬ್ಯಾಡ್ಜು ತೆಗೆದು ಮೇಜಿನ ಮೇಲಿಟ್ಟು ಬಂದೆ. ಓಣಿಯವರು ಕೆಲವರು ಮಾತು ಬಿಟ್ಟಿದ್ದಾರೆ. ಪೊದೆ ಬಚ್ಚಿಟ್ಟಳು, ಮನುಷ್ಯನನ್ನೂ ಬಚ್ಚಿಟ್ಟಳು ಅನ್ನುತ್ತಾರೆ. ಎರಡೂ ಹೌದು.

ಖರ್ಚಿನ ವಿಷಯ ವಕೀಲರ ಕೈಲಿದೆ. ಪೂರ್ತಿ ಕೋಲ್ಬಿಯ ತಲೆಗೆ ಬರುವುದಿಲ್ಲ ಅನ್ನುತ್ತಾರೆ.

ಅವನ ಕೈ ಹೇಗಿದೆ, ಅಷ್ಟು ಬರೆ. ಬೇರೇನೂ ಬೇಡ.

ರೊಬರ್ಟಾ


ಕಾಪರ್ ಗಲ್ಚ್
ನವೆಂಬರ್ 12

ನದೀನ್,

ಆಗಸ್ಟಿನಿಂದ ನಿನ್ನ ಉತ್ತರವಿಲ್ಲ. ಇದಕ್ಕೂ ಬೇಕಿಲ್ಲ. ಆದರೆ ಹೇಳದೆ ಇರಲಾರೆ.

ಮೊದಲ ಮಳೆ ಬಿತ್ತು. ನಿನ್ನ ಜಾಗ ಸುಟ್ಟು ಕರ್ರಗೆ ಬಿದ್ದಿತ್ತಲ್ಲ, ಈ ವಾರ ನೋಡಿದರೆ ಹಸಿರು. ಹುಲ್ಲೆಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಬ್ರೂಮ್ ಮೊಳಕೆ, ಕಾಲಿಡಲು ಜಾಗವಿಲ್ಲದಷ್ಟು. ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿದ್ದ ಬೀಜವನ್ನು ಬೆಂಕಿಯೇ ಎಬ್ಬಿಸುತ್ತದೆ. ಕಡಿದರೂ ಬರುತ್ತದೆ, ಸುಟ್ಟರೂ ಬರುತ್ತದೆ. ಈಗ ಮಾತ್ರ, ಮಣ್ಣು ಹಸಿ ಇರುವಾಗ, ಎರಡು ಬೆರಳಲ್ಲಿ ಹಿಡಿದರೆ ಬೇರುಸಹಿತ ಬರುತ್ತದೆ. ಮುಂದಿನ ವರ್ಷಕ್ಕೆ ಗುದ್ದಲಿ ಬೇಕು. ಅದರ ಮುಂದಿನ ವರ್ಷಕ್ಕೆ ಮತ್ತೆ ನೋಟಿಸು.

ಈಗ ನಾನು ಯಾವ ಅಧಿಕಾರಿಯೂ ಅಲ್ಲ. ಒಳಗೆ ಕಾಲಿಡಬೇಕಾದರೆ ನಿನ್ನನ್ನು ಕೇಳಬೇಕು. ಕೇಳುತ್ತಿದ್ದೇನೆ. ದಿನಾ ಒಂದಿಷ್ಟು ಕೀಳುತ್ತೇನೆ. ಮನೆಯಲ್ಲಿ ಕೂರಲಂತೂ ಆಗುತ್ತಿಲ್ಲ.

ರೊಬರ್ಟಾ


ಯುರೇಕಾ
ನವೆಂಬರ್ 20

ರೊಬರ್ಟಾ,

ಮೂರು ತಿಂಗಳು ಪೆನ್ನು ಹಿಡಿದು ಇಟ್ಟೆ. ಬರೆದದ್ದೆಲ್ಲ ಒಂದೋ ಬೈಗುಳವಾಗುತ್ತಿತ್ತು, ಇಲ್ಲ ಅಳುವಾಗುತ್ತಿತ್ತು.

ನೀನೊಬ್ಬಳೇ ಕೀಳುವುದು ಬೇಡ. ಗುರುವಾರದ ಬಸ್ಸಿಗೆ ನಾವಿಬ್ಬರೂ ಬರುತ್ತೇವೆ. ನಿನ್ನ ಮನೆಯಲ್ಲಿ ಉಳಿಯುವುದಿಲ್ಲ, ಅಷ್ಟು ಇನ್ನೂ ನನ್ನಿಂದಾಗದು. ಪೇಟೆಯಲ್ಲಿ ಲಾಡ್ಜು ನೋಡಿದ್ದೇನೆ. ಬೆಳಿಗ್ಗೆ ಜಾಗಕ್ಕೆ ಬರುತ್ತೇನೆ. ನೀನು ಬೇಲಿಯ ಕಡೆಯಿಂದ ಶುರು ಮಾಡು, ನಾನು ರಸ್ತೆಯ ಕಡೆಯಿಂದ. ಎಲ್ಲಿ ಸೇರುತ್ತೇವೋ ಅಲ್ಲಿ ಮಾತು ಬಂದರೆ ಆಡೋಣ, ಬರದಿದ್ದರೆ ಕೀಳೋಣ.

ಕೋಲ್ಬಿಗೆ ಚರ್ಮ ಕೂತಿದೆ, ಬೆರಳು ಇನ್ನೂ ಮಡಚುವುದಿಲ್ಲ. ಒಂದು ಎಸಳು ಹುಲ್ಲನ್ನೂ ಹಿಡಿಯಲಾರ. ಆದರೂ ಬರುತ್ತೇನೆಂದು ಹಟ. “ಎಲ್ಲೆಲ್ಲಿ ಬಿಟ್ಟಿದೀರ ಅಂತ ನಾನು ಕೂತು ತೋರಿಸ್ತೀನಿ,” ಅನ್ನುತ್ತಾನೆ.

ಅವನಿಗೆ ಊಟ ತಿನ್ನಿಸಬೇಕು. ನಾನು ತಿನ್ನಿಸಿದರೆ ಮುಖ ತಿರುಗಿಸುತ್ತಾನೆ, ಅರ್ಧಕ್ಕೆ ಏಳುತ್ತಾನೆ. ನಾಚಿಕೆ. ತಾಯಿಯ ಮುಂದೆ ಗಂಡುಮಕ್ಕಳಿಗೆ ಇರುವಂಥದ್ದು. ಮಧ್ಯಾಹ್ನ ನಾನು ಸ್ವಲ್ಪ ಹೊತ್ತು ರಸ್ತೆಯ ಕಡೆ ಹೋಗಿರುತ್ತೇನೆ. ಆಗ ನೀನು ತಿನ್ನಿಸು.

ನದೀನ್